ಗೊತ್ತಿದ್ದವರಿಗೇ ಹೂಡಿದ ಆಟ: ‘ಡಾನ್’ ಮತ್ತೆ ಮತ್ತೆ ಹುಟ್ಟಿದ ಕಥೆ

2006ರ ದೀಪಾವಳಿಗೆ ತೆರೆ ಕಂಡ ‘ಡಾನ್’ ಚಿತ್ರಕ್ಕೆ ಹೋದವರಲ್ಲಿ ಬಹಳ ಮಂದಿಗೆ ಕಥೆ ಬಾಯಿಪಾಠವಾಗಿತ್ತು. ಭೂಗತ ಲೋಕದ ಡಾನ್ ಪೊಲೀಸರ ಕೈಗೆ ಸಿಕ್ಕಿ ಸಾಯುತ್ತಾನೆ. ಅವನನ್ನೇ ಹೋಲುವ ಬಡಪಾಯಿ ವಿಜಯ್‌ನನ್ನು ಪೊಲೀಸ್ ಅಧಿಕಾರಿ ಡಿಸಿಲ್ವಾ ಗುಟ್ಟಾಗಿ ಆ ಗುಂಪಿನೊಳಗೆ ಕಳಿಸುತ್ತಾರೆ. ಅಪಘಾತದಲ್ಲಿ ನೆನಪು ಹೋಗಿದೆ ಎಂದು ನಟಿಸುತ್ತಾ ವಿಜಯ್ ಡಾನ್ ಆಗುವುದನ್ನು ಕಲಿಯುತ್ತಾನೆ. ಅಷ್ಟರಲ್ಲಿ ಗುಟ್ಟು ತಿಳಿದಿದ್ದ ಡಿಸಿಲ್ವಾ ಸಾಯುತ್ತಾರೆ. ತಾನು ಡಾನ್ ಅಲ್ಲ ಎಂದು ಹೇಳಲು ವಿಜಯ್‌ಗೆ ಸಾಕ್ಷಿ ಇಲ್ಲ. ಕೊನೆಗೆ ನಿಜ ಹೊರಬೀಳುತ್ತದೆ, ಅವನು ಬಚಾವಾಗುತ್ತಾನೆ.

ಇಷ್ಟನ್ನು 28 ವರ್ಷಗಳಿಂದ ತಿಳಿದಿದ್ದ ಜನರ ಮುಂದೆ ಅದೇ ಕಥೆಯನ್ನು ಮತ್ತೆ ಹೇಳಹೊರಟಿದ್ದು ಫರ್ಹಾನ್ ಅಖ್ತರ್. ಮೂಲ ಚಿತ್ರಕಥೆ ಬರೆದ ಸಲೀಂ–ಜಾವೇದ್ ಜೋಡಿಯಲ್ಲಿ ಜಾವೇದ್ ಅಖ್ತರ್ ಅವರ ತಂದೆ. ಹಳೆಯದನ್ನು ಮುಟ್ಟುವ ಹಕ್ಕು ಯಾರಿಗಿದೆ, ಎಷ್ಟಿದೆ ಎಂಬ ಪ್ರಶ್ನೆಗೆ ಮುಂಬಯಿಯ ಚಿತ್ರೋದ್ಯಮದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಮೂಲವನ್ನು ನೋಡಬೇಕು. ಯಾಕೆಂದರೆ ಇಂದು ಮುಟ್ಟಬಾರದ್ದೆಂದು ಕಾಣುವ 1978ರ ‘ಡಾನ್’ ಹುಟ್ಟಿದ್ದು ಸಾಲ ತೀರಿಸುವ ತುರ್ತಿನಲ್ಲಿ. ಛಾಯಾಗ್ರಾಹಕ ನಾರಿಮನ್ ಇರಾನಿ 1972ರಲ್ಲಿ ನಿರ್ಮಿಸಿದ ‘ಜಿಂದಗಿ ಜಿಂದಗಿ’ ಸೋತು, ಅವರು ಸಾಲದಲ್ಲಿ ಮುಳುಗಿದ್ದರು. ಮನೋಜ್ ಕುಮಾರ್ ಅವರ ‘ರೋಟಿ ಕಪಡಾ ಔರ್ ಮಕಾನ್’ ಚಿತ್ರೀಕರಣದಲ್ಲಿ ಜೊತೆಗಿದ್ದ ಅಮಿತಾಭ್ ಬಚ್ಚನ್, ಜೀನತ್ ಅಮಾನ್ ಮತ್ತು ಸಹಾಯಕ ನಿರ್ದೇಶಕ ಚಂದ್ರ ಬಾರೋಟ್ ಅವರ ನೆರವಿಗೆ ನಿಂತರು. ಹಲವರು ಬೇಡವೆಂದು ಬಿಟ್ಟಿದ್ದ ಒಂದು ಚಿತ್ರಕಥೆ ಸಲೀಂ–ಜಾವೇದ್ ಬಳಿ ಬಿದ್ದಿತ್ತು. ನಿರ್ದೇಶನ ಬಾರೋಟ್ ಅವರ ಪಾಲಿಗೆ ಬಂತು. ಕೆಲಸ ಕುಂಟುತ್ತಾ ವರ್ಷಗಟ್ಟಲೆ ನಡೆಯಿತು. ಚಿತ್ರ ಬಿಡುಗಡೆಯಾಗುವ ಮೊದಲೇ ಇರಾನಿ ಇನ್ನೊಂದು ಚಿತ್ರದ ಸೆಟ್‌ನಲ್ಲಿ ಆದ ಅವಘಡದಿಂದ ತೀರಿಕೊಂಡರು.

ಬನಾರಸಿನ ಪಾನ್ ಹಾಡು ಕೂಡ ಮೊದಲಿನಿಂದ ಇದ್ದದ್ದಲ್ಲ. ಚಿತ್ರ ನೋಡಿದ ಮನೋಜ್ ಕುಮಾರ್, ಮಧ್ಯಂತರದ ಆಚೆ ಬಿಗಿ ಜಾಸ್ತಿಯಾಯಿತು, ಜನ ಉಸಿರಾಡಲು ಒಂದು ಹಾಡಿರಲಿ ಎಂದ ಮೇಲೆ ಅದು ಸೇರಿತು. ಅದನ್ನು ಹಾಡಿದ ಕಿಶೋರ್ ಕುಮಾರ್‌ಗೆ ಫಿಲ್ಮ್‌ಫೇರ್ ಬಂತು. ವೇಷ ಹಾಕಿ ಕಳ್ಳರ ಗುಂಪು ಸೇರುವ ತದ್ರೂಪಿಯ ಕಥೆಯೂ ಹೊಸದಲ್ಲ. ಶಮ್ಮಿ ಕಪೂರ್ ಅವರ ‘ಚೈನಾ ಟೌನ್’ನಲ್ಲಿ 1962ರಲ್ಲೇ ಬಂದಿತ್ತು. ಹೀಗೆ ಅವರಿವರ ಮಾತು ಕೇಳಿ, ಅಲ್ಲಿ ಇಲ್ಲಿ ಹೊಂದಿಸಿ ಮಾಡಿದ್ದು 1978ರ ಮೇ 12ರ ನಂತರ ನಿಧಾನವಾಗಿ ಜನರ ಸೊತ್ತಾಯಿತು. ಮುಂದಿನ ವರ್ಷ ತೆಲುಗಿನಲ್ಲಿ ಎನ್.ಟಿ.ಆರ್. ಅವರ ‘ಯುಗಂಧರ್’, 1980ರಲ್ಲಿ ತಮಿಳಿನಲ್ಲಿ ರಜನಿಕಾಂತ್ ಅವರ ‘ಬಿಲ್ಲಾ’ ಬಂದವು.

ಇಂಥ ಸೊತ್ತಿಗೆ ಕೈ ಹಾಕಿದ ಫರ್ಹಾನ್ ಬಹಳಷ್ಟನ್ನು ಹಾಗೇ ಉಳಿಸಿಕೊಂಡರು. ಹೆಸರುಗಳು, ಹೆಸರಾಂತ ಮಾತುಗಳು, ಪಾನ್ ಹಾಡು, ತದ್ರೂಪಿ ಎಲ್ಲವೂ ಇದ್ದವು. ಕಥೆ ಕ್ವಾಲಾಲಂಪುರಕ್ಕೆ ಹೋಯಿತು, ಕೆಂಪು ಡೈರಿ ಹೋಗಿ ಡಿಸ್ಕ್ ಬಂತು, ಬಚ್ಚನ್ ಜಾಗದಲ್ಲಿ ಶಾರುಖ್ ಖಾನ್ ನಿಂತರು. ಹೋಲಿಕೆ ಶುರುವಾಗಲು ಇಷ್ಟೇ ಸಾಕಿತ್ತು. ಬಚ್ಚನ್ ಎತ್ತರವೆಲ್ಲಿ, ಆ ದನಿಯೆಲ್ಲಿ ಎಂದು ಹಳಬರು ಗೊಣಗಿದರು.

ಆದರೆ ನಿಜವಾದ ಬದಲಾವಣೆ ಕೊನೆಯಲ್ಲಿ ಕಾದಿತ್ತು. ಮೂಲದಲ್ಲಿ ಸತ್ಯವಂತನಾಗಿದ್ದ ಡಿಸಿಲ್ವಾನೇ ಇಲ್ಲಿ ಖಳನಾಯಕ ವರ್ಧಾನ್. ಅದಾದ ಮೇಲೆ ಇನ್ನೊಂದು ಪೆಟ್ಟು: ಇಷ್ಟು ಹೊತ್ತು ನಾವು ಮರುಗಿದ ವಿಜಯ್ ವಿಜಯ್ ಅಲ್ಲವೇ ಅಲ್ಲ. ಆಸ್ಪತ್ರೆಯಲ್ಲೇ ಜಾಗ ಅದಲುಬದಲಾಗಿತ್ತು. ಸತ್ತವನು ಬಡಪಾಯಿ, ಬದುಕಿದವನು ಡಾನ್.

ಈ ತಿರುವಿನ ಗುಟ್ಟು ಇರುವುದು ಪ್ರೇಕ್ಷಕರ ನೆನಪಿನಲ್ಲಿ. ಮೂಲ ನೋಡದವರಿಗೆ ಇದು ಪತ್ತೇದಾರಿ ಚಿತ್ರದ ಒಂದು ಚಮತ್ಕಾರ, ಅಷ್ಟೆ. ಮೂಲ ಬಲ್ಲವರು ಮಾತ್ರ ‘ಇವನು ವಿಜಯ್’ ಎಂದು ಎರಡೂವರೆ ಗಂಟೆ ಪೂರ್ತಿ ನಂಬಿ ಕೂತಿರುತ್ತಾರೆ. ಅಭಿಮಾನಿಯ ತಿಳಿವಳಿಕೆಯೇ ಅವನ ಕಣ್ಣಿಗೆ ಕಟ್ಟಿದ ಬಟ್ಟೆ. ಹೆಚ್ಚು ಬಲ್ಲವನು ಹೆಚ್ಚು ಮೋಸಹೋಗುತ್ತಾನೆ, ಹೆಚ್ಚು ಖುಷಿಪಡುತ್ತಾನೆ.

ಕನ್ನಡಿಗರಿಗೆ ಈ ಲೆಕ್ಕ ಹೊಸದಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಕರಾವಳಿಯ ಕಲಾವಿದರು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವುದುಂಟು. ಕರ್ಣ ಸಾಯುತ್ತಾನೆ ಎಂಬುದು ಸಭೆಗೆಲ್ಲ ಗೊತ್ತು. ಭಾಗವತರ ಪದ ಬದಲಾಗುವುದಿಲ್ಲ. ಆದರೆ ಕೃಷ್ಣನ ಮಾತಿಗೆ ಕರ್ಣ ಇವತ್ತು ಏನು ಉತ್ತರ ಕೊಟ್ಟಾನು ಎಂಬುದು ಆ ಹೊತ್ತಿನ ಅರ್ಥಧಾರಿಗೆ ಬಿಟ್ಟದ್ದು. ಸಭೆಗೆ ಕಥೆ ತಿಳಿದಿರುವುದೇ ಅವನ ಬಂಡವಾಳ. ಇನ್ನೂ ಹಿಂದಕ್ಕೆ ಹೋದರೆ, ಹತ್ತನೆಯ ಶತಮಾನದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಕೇಳುವವರಿಗೆ ವ್ಯಾಸರ ಕಥೆ ಗೊತ್ತಿದ್ದರೆ ಮಾತ್ರ ಆ ಧೈರ್ಯದ ತೂಕ ತಿಳಿಯುವುದು.

ನೆನಪನ್ನು ಹಂಗಿಸಿದರೆ ಏನಾಗುತ್ತದೆ ಎಂಬುದಕ್ಕೆ ‘ರೀಬೂಟ್’ ಎಂಬ ಮಾತು ಹೆಚ್ಚಾಗಿ ಓಡಾಡುವ ವಿಡಿಯೋ ಗೇಮ್ ಲೋಕದಲ್ಲಿ ಉದಾಹರಣೆಯಿದೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2001ರಲ್ಲಿ ಶುರುಮಾಡಿದ ‘ಡೆವಿಲ್ ಮೇ ಕ್ರೈ’ ಸರಣಿಯ ನಾಯಕ ಡಾಂಟೆಗೆ ಬಿಳಿ ಕೂದಲು. ಅದನ್ನು ಹೊಸದಾಗಿ ಕಟ್ಟಲು ಇಂಗ್ಲೆಂಡಿನ ನಿಂಜಾ ಥಿಯರಿಗೆ ಕೊಟ್ಟಾಗ, 2010ರಲ್ಲಿ ಹೊರಬಂದ ಹೊಸ ಡಾಂಟೆಯ ತಲೆಯಲ್ಲಿ ಕಪ್ಪು ಕೂದಲಿತ್ತು. ಅಭಿಮಾನಿಗಳು ಕೆರಳಿದರು. 2013ರಲ್ಲಿ ಬಂದ ಆಟದಲ್ಲಿ ಒಂದು ದೃಶ್ಯವಿದೆ: ಬಿಳಿ ವಿಗ್ಗಿನಂಥದ್ದು ಹಾರಿಬಂದು ಡಾಂಟೆಯ ತಲೆಯ ಮೇಲೆ ಕೂರುತ್ತದೆ, ಕನ್ನಡಿ ನೋಡಿದ ಅವನು, ಇದು ಎಂದಿಗೂ ಬೇಡ ಎಂಬರ್ಥದ ಮಾತಾಡಿ ಕಿತ್ತೆಸೆಯುತ್ತಾನೆ. ಆಟ ಕೆಟ್ಟದ್ದೇನಲ್ಲ, ವಿಮರ್ಶಕರು ಮೆಚ್ಚಿದರು. ಆದರೆ ಆ ನಗೆ ಹಳೆಯ ಆಟಗಾರರ ಮೇಲೇ ತಿರುಗಿತ್ತು. 2019ರ ಐದನೆಯ ಕಂತಿಗೆ ಬಿಳಿ ಕೂದಲಿನ ಡಾಂಟೆಯೇ ಮರಳಿ ಬಂದ.

ಹಾಗೆಂದು ಅಭಿಮಾನಿಗಳ ಮೊದಲ ತೀರ್ಪು ಯಾವಾಗಲೂ ಕೊನೆಯ ತೀರ್ಪಾಗುವುದಿಲ್ಲ. 1990ರ ‘ಅಗ್ನಿಪಥ್’ನಲ್ಲಿ ಬಚ್ಚನ್ ವಿಜಯ್ ದೀನಾನಾಥ್ ಚೌಹಾಣ್ ಪಾತ್ರಕ್ಕೆ ಗೊಗ್ಗರು ದನಿ ಇಟ್ಟರು. ತಮಗೆ ಬೇಕಾದ ದನಿ ಸಿಗದ ಜನ ಒಪ್ಪಲಿಲ್ಲ. ಅವರು ತಮ್ಮ ಎಂದಿನ ದನಿಯಲ್ಲಿ ಮತ್ತೆ ಡಬ್ ಮಾಡಬೇಕಾಯಿತು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಮಿಮಿಕ್ರಿ ಕಲಾವಿದರು ಆ ಚಿತ್ರವೆಂದರೆ ಎತ್ತಿಕೊಂಡದ್ದು ಅದೇ ಗೊಗ್ಗರು ದನಿಯನ್ನು. 2012ರಲ್ಲಿ ‘ಅಗ್ನಿಪಥ್’ ಮತ್ತೆ ಬಂದಾಗ ಹೃತಿಕ್ ರೋಶನ್ ಅದನ್ನು ಅನುಕರಿಸದೆ ತಮ್ಮ ದನಿಯಲ್ಲೇ ಮಾತಾಡಿದರು. ಒಂದು ಕಾಲಕ್ಕೆ ಜನ ತಳ್ಳಿದ್ದು, ಇಪ್ಪತ್ತೆರಡು ವರ್ಷಗಳಲ್ಲಿ ಬೇರೆ ನಟ ಮುಟ್ಟಲು ಹಿಂಜರಿಯುವ ಆಸ್ತಿಯಾಗಿತ್ತು.

‘ಡಾನ್’ಗೂ ಹೀಗೇ ಆಯಿತು. 2011ರಲ್ಲಿ ‘ಡಾನ್ 2’ ಬರ್ಲಿನ್ನಿಗೆ ಹೋಯಿತು. ಅದಕ್ಕೆ ಸಲೀಂ–ಜಾವೇದ್ ಕಥೆಯ ಊರುಗೋಲು ಬೇಕಾಗಲಿಲ್ಲ. ಅದೇ ಹೆಸರಿನ ವಿಡಿಯೋ ಗೇಮ್ ಕೂಡ ಬಂತು. 2023ರ ಆಗಸ್ಟಿನಲ್ಲಿ ಫರ್ಹಾನ್ ಮೂರನೆಯ ಡಾನ್ ಆಗಿ ರಣವೀರ್ ಸಿಂಗ್ ಹೆಸರು ಪ್ರಕಟಿಸಿ, ಬಚ್ಚನ್ ಮತ್ತು ಶಾರುಖ್‌ಗೆ ತೋರಿದ ಪ್ರೀತಿಯನ್ನು ಇವರಿಗೂ ತೋರಿಸಿ ಎಂದು ಕೇಳಿಕೊಂಡರು. ಶಾರುಖ್ ಇಲ್ಲದೆ ಡಾನ್ ಇಲ್ಲ ಎಂಬ ಕೂಗು ಜಾಲತಾಣಗಳಲ್ಲಿ ಎದ್ದಿತು. 2006ರಲ್ಲಿ ಶಾಲೆಗೆ ಹೋಗುತ್ತಿದ್ದವರಿಗೆ ಮೂಲವೆಂದರೆ ಶಾರುಖ್. ಹಿಂದಿನವರು ಬಚ್ಚನ್‌ಗಾಗಿ ಆಡಿದ ಮಾತನ್ನೇ ಇವರು ಹೆಸರು ಬದಲಿಸಿ ಆಡುತ್ತಿದ್ದರು.

ಅವರ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. 1978ರ ಕಥೆ ಮುಗಿದಿತ್ತು. ಆ ಮುಗಿದ ಕಥೆಯನ್ನು ತಿರುಗಿಸಿ ಹೇಳಲು ಜಾಗವಿತ್ತು. ಶಾರುಖ್ ಅವರ ಡಾನ್ ಎರಡೂ ಚಿತ್ರಗಳ ಕೊನೆಗೆ ಬದುಕಿ, ತಪ್ಪಿಸಿಕೊಂಡು ಹೋದವನು. ಅವನು ಎಲ್ಲಿಗೆ ಹೋದ ಎಂದು ಕೇಳುವುದು ಕಥೆ ಕೇಳುವವನ ನ್ಯಾಯವಾದ ಹಕ್ಕು. ಆದರೆ ಆ ಡಾನ್ ಹುಟ್ಟಿದ್ದೇ ಹಳಬರ ಡಾನ್‌ನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟದ್ದರಿಂದ ಎಂಬುದನ್ನೂ ಮರೆಯುವಂತಿಲ್ಲ.

ಕಥೆಯೊಳಗಿನ ಗುಂಪು ನೆನಪೇ ಇಲ್ಲದ ವಿಜಯ್‌ನನ್ನು ಒಪ್ಪಿಕೊಂಡಿತು, ಯಾಕೆಂದರೆ ಮುಖ ಅದೇ ಇತ್ತು. ಟಾಕೀಸಿನ ಗುಂಪಿನ ಮುಂದೆ ನಿಲ್ಲುವ ಹೊಸ ನಟನ ಪಾಡು ತಿರುಗುಮುರುಗು: ಮುಖ ಬೇರೆ, ನೋಡುವವರ ನೆನಪು ಮಾತ್ರ ಗಟ್ಟಿ. ಆ ನೆನಪಿಗೆ 2006ರಂತೆ ಇನ್ನೊಂದು ಆಟ ಹೂಡಬಲ್ಲ ಚಿತ್ರಕಥೆ ಬಂದರೆ, ಇಂದು ಬೇಡವೆಂದವರೇ ಅದನ್ನು ಕಾಯಲು ನಿಲ್ಲುತ್ತಾರೆ.