ಮೈದಾನಕ್ಕೆ ಬೇಕಾದವರು, ನ್ಯಾಯಪೀಠಕ್ಕೆ ಬೇಡವಾದವರು: ಅಲನ್ ಪೇಜ್ ಕಥೆ



ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಒಂದು ಸುಪ್ರೀಂ ಕೋರ್ಟ್ ಇರುತ್ತೆ. ಮಿನ್ನೆಸೋಟ ರಾಜ್ಯ ಹುಟ್ಟಿದ್ದು 1858ರಲ್ಲಿ. ಅದರ ಸುಪ್ರೀಂ ಕೋರ್ಟ್‌ಗೆ ಮೊಟ್ಟಮೊದಲ ಕಪ್ಪು ಜಡ್ಜ್ ಆಯ್ಕೆಯಾಗಿದ್ದು 1992ರಲ್ಲಿ. ನಡುವೆ 134 ವರ್ಷ. ಆ ಜಡ್ಜ್ ಹೆಸರು ಅಲನ್ ಪೇಜ್. ಅದಕ್ಕೂ ಮುಂಚೆ ಹದಿನೈದು ಸೀಸನ್ ಅವರು ಮಾಡಿದ ಕೆಲಸ ಏನು ಗೊತ್ತಾ? ಎದುರಾಳಿಯನ್ನ ಹಿಡಿದು ನೆಲಕ್ಕೆ ಕೆಡವೋದು.

ಅಮೆರಿಕದವರು ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಾಟ ಅಲ್ಲ. ಎರಡೂ ಕಡೆ ಮೂತಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಮೈಗೆ ಮೈ ಗುದ್ದೋ ಆಟ. ಕ್ವಾರ್ಟರ್‌ಬ್ಯಾಕ್ ಅನ್ನೋನು ಚೆಂಡು ಎಸೆದು ಆಟ ನಡೆಸ್ತಾನೆ. ಅವನನ್ನ ಕಾಯೋಕೆ ಮುಂದೆ ದೈತ್ಯರ ಸಾಲು ಇರುತ್ತೆ. ಆ ಸಾಲನ್ನ ಸೀಳಿ ನುಗ್ಗಿ, ಕಬಡ್ಡಿಯಲ್ಲಿ ರೈಡರ್‌ನ ಹಿಡಿದು ಕೆಡವೋ ಹಾಗೆ ಕ್ವಾರ್ಟರ್‌ಬ್ಯಾಕನ್ನ ಕೆಡವೋದೇ ಡಿಫೆನ್ಸಿವ್ ಲೈನ್‌ನವರ ಕೆಲಸ. ಪೇಜ್ ಆ ಸಾಲಿನ ಮಧ್ಯೆ ನಿಲ್ತಿದ್ದ ಆಟಗಾರ.

ಅವರು ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಇಲ್ಲೊಂದು ಇತಿಹಾಸ ನೆನಪಿಟ್ಕೊಳ್ಳಿ. 1934ರಿಂದ 1945ರವರೆಗೆ ಎನ್‌ಎಫ್‌ಎಲ್ ಅನ್ನೋ ಆ ದೊಡ್ಡ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಹೊರಗಿಡಬೇಕು ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆಯದೇ ಇರೋ ನಿಯಮ ಎಷ್ಟು ಗಟ್ಟಿಯಾಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1946ರಲ್ಲಿ ಬಾಗಿಲು ತೆರೆಯಿತು, ಆದ್ರೆ ಪೂರ್ತಿ ಅಲ್ಲ. ಓಡೋ ಜಾಗ, ಗುದ್ದೋ ಜಾಗ ಕಪ್ಪು ಹುಡುಗರಿಗೆ ಸಿಕ್ತು. ಯೋಚನೆ ಮಾಡಿ ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಜಾಗವನ್ನ ದಶಕಗಳ ಕಾಲ ಬಿಳಿಯರಿಗೇ ಮೀಸಲಿಟ್ಟರು. ತಂಡದ ಮುಖ್ಯ ಕೋಚ್ ಆಗೋಕೆ ಕಪ್ಪು ಮನುಷ್ಯನೊಬ್ಬ 1989ರವರೆಗೆ ಕಾಯಬೇಕಾಯ್ತು. ಮೈ ನಿಮ್ಮದು, ತಲೆ ನಮ್ಮದು. ಇದು ಅವರ ಲೆಕ್ಕ.

ಈ ಲೆಕ್ಕವನ್ನ ಪೇಜ್ ಜೀವನಪೂರ್ತಿ ಒಪ್ಪಲೇ ಇಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂತು. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ದೇಶದ ಸುಪ್ರೀಂ ಕೋರ್ಟ್ ಹೇಳ್ತು. ಪೇಜ್‌ಗೆ ಆಗ ಒಂಬತ್ತು ವರ್ಷ ಕೂಡ ತುಂಬಿರಲಿಲ್ಲ. ಕಾನೂನಿಗೆ ಇಂಥ ಶಕ್ತಿ ಇದೆ ಅನ್ನೋ ಅರಿವು ಆ ತೀರ್ಪಿನಿಂದ ಬಂತು, ಲಾಯರ್ ಆಗೋ ಆಸೆ ಅಷ್ಟು ಚಿಕ್ಕ ವಯಸ್ಸಲ್ಲೇ ಹುಟ್ಟಿತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಫುಟ್‌ಬಾಲ್ ಬಂದಿದ್ದು ಆಮೇಲೆ.

ನೋಟ್ರೆ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ 1967ರಲ್ಲಿ ಪದವಿ ಪಡೆದರು. ಅದೇ ವರ್ಷ ಮಿನ್ನೆಸೋಟ ವೈಕಿಂಗ್ಸ್ ತಂಡ ಅವರನ್ನ ಆರಿಸಿಕೊಳ್ತು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್, ಅಲನ್ ಪೇಜ್. ನೇರಳೆ ಅಂಗಿಯ ಈ ನಾಲ್ವರ ಸಾಲಿಗೆ ಜನ ಇಟ್ಟ ಅಡ್ಡಹೆಸರು 'ಪರ್ಪಲ್ ಪೀಪಲ್ ಈಟರ್ಸ್', ಅಂದ್ರೆ ಮನುಷ್ಯರನ್ನೇ ತಿನ್ನೋ ನೇರಳೆಗಳು. ನಾಲ್ವರಲ್ಲಿ ಮೂವರು ಕಪ್ಪು ಜನ. ತಂಡ ನಾಲ್ಕು ಸಲ ಸೂಪರ್ ಬೌಲ್ ಫೈನಲ್‌ಗೆ ಹೋಯ್ತು, ನಾಲ್ಕೂ ಸಲ ಸೋತಿತು. ಆದ್ರೂ 1971ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪೇಜ್‌ಗೆ ಬಂತು. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೋಗೋ ಪ್ರಶಸ್ತಿ ಅದು. ಡಿಫೆನ್ಸ್ ಆಟಗಾರನೊಬ್ಬ ಅದನ್ನ ಗೆದ್ದಿದ್ದು ಅದೇ ಮೊದಲು.

ಚಪ್ಪಾಳೆ ಬಿದ್ದ ಮೇಲೆ ಸುಮ್ಮನೆ ಇರಬಹುದಿತ್ತು ಅಲ್ವಾ? ಅವರು ಆಟಗಾರರ ಯೂನಿಯನ್ ಪ್ರತಿನಿಧಿ ಆದರು. ಆಗ 'ರೋಝೆಲ್ ರೂಲ್' ಅಂತ ಒಂದು ನಿಯಮ ಇತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದ್ರೆ, ಹೊಸ ತಂಡ ಹಳೇ ತಂಡಕ್ಕೆ ಪರಿಹಾರ ಕೊಡಬೇಕು. ತಂಡಗಳು ತಮ್ಮಲ್ಲೇ ಒಪ್ಪಂದಕ್ಕೆ ಬರದಿದ್ರೆ ಎಷ್ಟು ಅಂತ ತೀರ್ಮಾನ ಮಾಡೋನು ಲೀಗ್‌ನ ಕಮಿಷನರ್. ಹಾಗಾಗಿ ಯಾವ ತಂಡವೂ ಆ ಉಸಾಬರಿಗೆ ಹೋಗ್ತಿರಲಿಲ್ಲ. ಕರಾರು ಮುಗಿದ್ರೂ ಆಟಗಾರ ಧಣಿಯ ಹಿಡಿತದಲ್ಲೇ. ಇದರ ವಿರುದ್ಧ ಜಾನ್ ಮ್ಯಾಕಿ ಮತ್ತಿತರ ಆಟಗಾರರು ಕೋರ್ಟ್‌ಗೆ ಹೋದರು. ಅರ್ಜಿದಾರರ ಪಟ್ಟಿಯಲ್ಲಿ ಪೇಜ್ ಹೆಸರೂ ಇತ್ತು. 1976ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಆ ನಿಯಮ ಕಾನೂನುಬಾಹಿರ ಅಂತ ಹೇಳ್ತು. ಆಡ್ತಾ ಇರೋವಾಗಲೇ ಅನ್ನ ಕೊಡೋ ಧಣಿಯ ಮೇಲೆ ಕೇಸ್ ಹಾಕೋದು ಅಂದ್ರೆ ತಮಾಷೆ ಅಲ್ಲ.

ಅದೇ ಹೊತ್ತಲ್ಲಿ, 1975ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಲಾ ಕಾಲೇಜು ಸೇರಿದರು. ಒಂದು ಕಡೆ ಆಟ, ಇನ್ನೊಂದು ಕಡೆ ಪುಸ್ತಕ. 1978ರಲ್ಲಿ ಕಾನೂನು ಪದವಿ ಕೈಗೆ ಬಂತು. ಆ ವರ್ಷವೇ ವೈಕಿಂಗ್ಸ್ ಅವರನ್ನ ತಂಡದಿಂದ ಕೈಬಿಟ್ಟಿತು. ದೂರದ ಓಟದ ಹುಚ್ಚು ಹತ್ತಿ ಅವರ ತೂಕ ಇಳಿದಿತ್ತು. ಅಷ್ಟು ತೂಕದ ಡಿಫೆನ್ಸಿವ್ ಲೈನ್‌ಮನ್ ಸಾಲಲ್ಲ ಅಂದರು. ಷಿಕಾಗೊ ಬೇರ್ಸ್ ತಂಡ ಅವರನ್ನ ತಗೊಂಡಿದ್ದು ನೂರು ಡಾಲರ್ ಶುಲ್ಕಕ್ಕೆ. ಹೌದು, ನೂರೇ ಡಾಲರ್. ಲೀಗ್‌ನ ಅತ್ಯಮೂಲ್ಯ ಆಟಗಾರ ಅನ್ನಿಸಿಕೊಂಡು ಏಳು ವರ್ಷ ಆಗಿತ್ತು. ಮೈಗೆ ಕಟ್ಟಿದ ಬೆಲೆ ಹೀಗೇ. ಅವರಿಗೆ ಬೇಕಾದಷ್ಟು ದಿನ ಆಕಾಶ, ಬೇಡವಾದ ದಿನ ಚಿಲ್ಲರೆ. ಆದ್ರೆ ಪೇಜ್ ಕೈಯಲ್ಲಿ ಅಷ್ಟೊತ್ತಿಗೆ ಯಾವ ಕೋಚೂ ಕಿತ್ತುಕೊಳ್ಳೋಕೆ ಆಗದ ಪದವಿ ಇತ್ತು. 1981ರವರೆಗೆ ಆಡಿದರು, ಜೊತೆಗೇ ವಕೀಲಿಕೆ ಶುರುಮಾಡಿದರು. ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸೇರಿದರು.

ಈಗ ಕಥೆಯ ಮುಖ್ಯ ಭಾಗ. ಮಿನ್ನೆಸೋಟದಲ್ಲಿ ಜಡ್ಜ್‌ಗಳನ್ನ ಜನ ವೋಟು ಹಾಕಿ ಆರಿಸಬೇಕು. ಕಾಗದದ ಮೇಲೆ ಹಾಗಿದೆ. ನಡೀತಿದ್ದದ್ದು ಬೇರೆ. ಜಡ್ಜ್ ಅವಧಿಯ ಮಧ್ಯದಲ್ಲಿ ನಿವೃತ್ತಿ ಆಗ್ತಾರೆ, ಗವರ್ನರ್ ತಮಗೆ ಬೇಕಾದವರನ್ನ ನೇಮಿಸ್ತಾರೆ, ಮುಂದಿನ ಚುನಾವಣೆಗೆ ಅವರು ಹಾಲಿ ಜಡ್ಜ್ ಆಗಿರ್ತಾರೆ. ಹೊಸಬರಿಗೆ ಖಾಲಿ ಕುರ್ಚಿ ಸಿಗೋದೇ ಅಪರೂಪ. 1992ರಲ್ಲಿ ಒಂದು ಕುರ್ಚಿಗೆ ಚುನಾವಣೆ ಬರಬೇಕಿತ್ತು, ಪೇಜ್ ನಿಲ್ಲೋಕೆ ತಯಾರಾಗಿದ್ದರು. ಗವರ್ನರ್ ಆರ್ನಿ ಕಾರ್ಲ್‌ಸನ್ ಆ ಹಾಲಿ ಜಡ್ಜ್‌ನ ಅವಧಿಯನ್ನೇ ವಿಸ್ತರಿಸಿಬಿಟ್ಟರು. ನಿವೃತ್ತಿ ಸೌಲಭ್ಯಕ್ಕಾಗಿ ಇದ್ದ ಒಂದು ಕಾನೂನಿನ ಆಸರೆ ತಗೊಂಡಿದ್ದರು. ಅವಧಿ ಮುಂದೆ ಹೋದ್ರೆ ಚುನಾವಣೆನೇ ಇಲ್ಲ.

ಪೇಜ್ ಗವರ್ನರ್ ಮೇಲೆ ಕೇಸ್ ಹಾಕಿದರು. ಪ್ರಕರಣ ಅದೇ ಸುಪ್ರೀಂ ಕೋರ್ಟ್‌ಗೆ ಸಂಬಂಧಪಟ್ಟಿದ್ದರಿಂದ ವಿಶೇಷ ಪೀಠ ಕೂತಿತು. ಪೀಠ ಪೇಜ್ ಪರ ತೀರ್ಪು ಕೊಟ್ಟಿತು, ಚುನಾವಣೆ ನಡೀಬೇಕು ಅಂತು. ಚುನಾವಣೆ ನಡೀತು, ಪೇಜ್ ಗೆದ್ದರು. ಮತ್ತೆ 1998, 2004, 2010ರಲ್ಲೂ ಜನ ಅವರನ್ನೇ ಆರಿಸಿದರು. 70 ವರ್ಷ ತುಂಬಿದಾಗ, 2015ರಲ್ಲಿ, ನಿಯಮದ ಪ್ರಕಾರ ನಿವೃತ್ತರಾದರು.

ಪ್ರತಿಭೆ ಇದ್ರೆ ಬಾಗಿಲು ತಾನೇ ತೆರೆಯುತ್ತೆ ಅಂತ ನಮಗೆ ಪಾಠ ಹೇಳೋರು ಇಲ್ಲಿ ಸ್ವಲ್ಪ ನಿಲ್ಲಿ. ಪೇಜ್‌ಗೆ ಯಾವ ಪ್ರತಿಭೆ ಕಮ್ಮಿ ಇತ್ತು? ರಾಜ್ಯದಲ್ಲಿ ಅವರ ಹೆಸರು ಗೊತ್ತಿಲ್ಲದವರಿಲ್ಲ. ಪದವಿ ಇತ್ತು, ಸರ್ಕಾರಿ ವಕೀಲನ ಅನುಭವ ಇತ್ತು. ಆದ್ರೂ ಉಮೇದುವಾರ ಆಗೋ ಹಕ್ಕನ್ನೇ ಕೋರ್ಟ್‌ನಲ್ಲಿ ಗೆಲ್ಲಬೇಕಾಯ್ತು. ಬಾಗಿಲು ತೆರೆದದ್ದು ಕಾನೂನು ಓದಿಕೊಂಡು, ಕಾನೂನನ್ನೇ ಹಿಡಿದು ತಟ್ಟಿದ್ದಕ್ಕೆ.

ಇನ್ನು ಗೆದ್ದ ಮೇಲೆ ಏನು ಮಾಡಿದರು ಅನ್ನೋದು. 1988ರಲ್ಲಿ ಅವರ ಹೆಸರು ಕ್ಯಾಂಟನ್‌ನಲ್ಲಿರೋ ಫುಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು. ಹುಡುಗನಾಗಿದ್ದಾಗ ಅದೇ ಕಟ್ಟಡ ಕಟ್ಟೋ ಕೆಲಸಕ್ಕೆ ಅವರು ಹೋಗಿದ್ದರು! ಅಲ್ಲಿ ಆಟಗಾರನನ್ನ ಸಭೆಗೆ ಪರಿಚಯಿಸೋಕೆ ಸಾಮಾನ್ಯವಾಗಿ ಕೋಚನ್ನೋ ಜೊತೆಗಾರನನ್ನೋ ಕರೀತಾರೆ. ಪೇಜ್ ಕರೆದದ್ದು ವಿಲ್ಲರೀನ್ ಬೀಸ್ಲಿ ಅನ್ನೋ ಕಪ್ಪು ಮಹಿಳೆಯನ್ನ, ಮಿನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಪ್ರಿನ್ಸಿಪಾಲರನ್ನ. ಭಾಷಣ ಮಾಡಿದ್ದು ಆಟದ ಬಗ್ಗೆ ಕಮ್ಮಿ, ಮಕ್ಕಳ ಓದಿನ ಬಗ್ಗೆ ಜಾಸ್ತಿ. ಕಾಲೇಜು ದಾಟಿ ಬಂದ ಜೊತೆಗಾರರಲ್ಲೇ ಕೆಲವರಿಗೆ ತಂಡದ ಆಟದ ಪುಸ್ತಕ ಓದೋಕೆ ಬರ್ತಿರಲಿಲ್ಲ ಅನ್ನೋ ಸಂಗತಿ ಅವರನ್ನ ಬಿಡದೆ ಕಾಡಿತ್ತು. ಮೈ ಬಳಸಿಕೊಂಡವರು ಅಕ್ಷರ ಕೊಡೋ ಗೋಜಿಗೆ ಹೋಗಿರಲಿಲ್ಲ.

ಅದೇ ವರ್ಷ ಹೆಂಡತಿ ಡಯೇನ್ ಜೊತೆ ಪೇಜ್ ಎಜುಕೇಷನ್ ಫೌಂಡೇಷನ್ ಕಟ್ಟಿದರು. ಕಪ್ಪು ಮತ್ತು ಇತರ ಬಿಳಿಯೇತರ ಮಕ್ಕಳ ಕಾಲೇಜು ಓದಿಗೆ ಸಹಾಯಧನ. ಒಂದೇ ಷರತ್ತು: ದುಡ್ಡು ತಗೊಂಡವರು ತಮಗಿಂತ ಚಿಕ್ಕ ಮಕ್ಕಳ ಜೊತೆ ಕೂತು ಅವರ ಓದಿಗೆ ನೆರವಾಗಬೇಕು. ಮೇಲೆ ಹತ್ತಿದವರು ಏಣಿ ಎಳ್ಕೊಂಡು ಹೋಗಬಾರದು ಅನ್ನೋದನ್ನ ಅವರು ನಿಯಮವಾಗಿಯೇ ಬರೆದಿಟ್ಟರು.

2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆ ತನ್ನ ಹೆಸರು ಬದಲಾಯಿಸಿಕೊಳ್ತು. ಮೊದಲು ಅದಕ್ಕಿದ್ದದ್ದು ಅಲೆಕ್ಸಾಂಡರ್ ರ‍್ಯಾಮ್ಸಿ ಹೆಸರು. 1862ರಲ್ಲಿ ಗವರ್ನರ್ ಆಗಿ, ಡಕೋಟ ಮೂಲನಿವಾಸಿಗಳನ್ನ ನಾಶ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಅಂತ ಕರೆ ಕೊಟ್ಟ ಮನುಷ್ಯ. ಆ ವರ್ಷ ಡಿಸೆಂಬರ್ 26ರಂದು 38 ಡಕೋಟ ಗಂಡಸರನ್ನ ಒಂದೇ ದಿನ ಗಲ್ಲಿಗೇರಿಸಲಾಯ್ತು. ಈ ಹೆಸರು ನಮಗೆ ಬೇಡ ಅಂತ ಹೋರಾಡಿದ್ದು ಶಾಲೆಯ ಮಕ್ಕಳೇ. ಈಗ ಅದು ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್.

ಅವರ ಕೆಲಸ ಅಲ್ಲಿಗೂ ನಿಲ್ಲಲಿಲ್ಲ. ಶಿಕ್ಷಣ ಮೂಲಭೂತ ಹಕ್ಕು ಅಂತ ನಮ್ಮ ಸಂವಿಧಾನದಲ್ಲಿ 2002ರ ತಿದ್ದುಪಡಿಯಿಂದ 21ಎ ವಿಧಿ ಇದೆ. ಅಮೆರಿಕದ ಸಂವಿಧಾನದಲ್ಲಿ ಅಂಥದ್ದಿಲ್ಲ. 2020ರಲ್ಲಿ ಪೇಜ್, ಭಾರತ ಮೂಲದ ಬ್ಯಾಂಕರ್ ನೀಲ್ ಕಶ್ಕರಿ ಜೊತೆ ಸೇರಿ, ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ಮಿನ್ನೆಸೋಟ ಸಂವಿಧಾನಕ್ಕೆ ತಿದ್ದುಪಡಿ ತರೋ ಪ್ರಸ್ತಾಪ ಇಟ್ಟರು. ವಿರೋಧ ಬಂತು, ಶಿಕ್ಷಕರ ಯೂನಿಯನ್ ಕಡೆಯಿಂದಲೂ ಬಂತು. ಎಪ್ಪತ್ತೈದರ ಹತ್ತಿರದ ಮನುಷ್ಯ ಮತ್ತೆ ಶಾಸಕರ ಮುಂದೆ ಹೋಗಿ ವಾದ ಮಂಡಿಸಿದರು.

ನಮ್ಮ ಕೇರಿಗಳಲ್ಲೂ ಚೆನ್ನಾಗಿ ಓಡೋ, ಗುದ್ದೋ, ಕಬಡ್ಡಿ ಆಡೋ ಮಕ್ಕಳಿದ್ದಾರೆ. ಗೆದ್ದಾಗ ಹೊತ್ತು ಮೆರೆಸ್ತಾರೆ. ಮಕ್ಕಳೇ, ಮೆರೆಯಿರಿ, ಅದು ನಿಮ್ಮ ಹಕ್ಕು. ಆದ್ರೆ ಕಾಲೇಜಿನ ಅರ್ಜಿಯ ಕೊನೇ ದಿನ ಯಾವುದು ಅಂತಲೂ ನೋಡ್ಕೊಳ್ಳಿ. ಗೊತ್ತಿರೋರು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿಕೊಡಿ.

ಜೈ ಭೀಮ್.