ಅಂಚೆ ಸಂಸ್ಥೆಯ ಜರ್ಸಿ ತೊಟ್ಟ ಲಿಥುವೇನಿಯನ್: ಗೆಡಿಮಿನಾಸ್ ಬಾಗ್ದೋನಾಸ್ ಮತ್ತು ಐರಿಷ್ ಸೈಕ್ಲಿಂಗ್

2004ರ ಮೇ 1ರಂದು ಲಿಥುವೇನಿಯಾ ಐರೋಪ್ಯ ಒಕ್ಕೂಟ ಸೇರಿದಾಗ, ಅಲ್ಲಿನವರಿಗೆ ಮೊದಲ ದಿನದಿಂದಲೇ ದುಡಿಯಲು ಅವಕಾಶ ಕೊಟ್ಟ ಮೂರು ದೇಶಗಳಲ್ಲಿ ಐರ್ಲೆಂಡೂ ಒಂದು. 2011ರ ಏಪ್ರಿಲ್ ಜನಗಣತಿಯ ಹೊತ್ತಿಗೆ ಐರ್ಲೆಂಡಿನಲ್ಲಿ 36,683 ಲಿಥುವೇನಿಯನ್ನರಿದ್ದರು. ಮರುತಿಂಗಳೇ ಗೆಡಿಮಿನಾಸ್ ಬಾಗ್ದೋನಾಸ್ ಎಂಬ ಲಿಥುವೇನಿಯನ್ ಸವಾರ ಐರ್ಲೆಂಡಿನ ಬಹುದಿನಗಳ ಸೈಕಲ್ ಸ್ಪರ್ಧೆ 'ರಾಸ್' ಗೆದ್ದರು. ಎರಡನ್ನೂ ಒಂದೇ ವಲಸೆಯ ಕಥೆಯಾಗಿ ಓದಿಬಿಡುವ ಆಸೆಯಾಗುತ್ತದೆ. ಆದರೆ ಬಾಗ್ದೋನಾಸ್ ಐರ್ಲೆಂಡಿಗೆ ಬಂದ ದಾರಿಯೇ ಬೇರೆ, ಅದು ಬೆಲ್ಜಿಯಂ ಮೂಲಕ ಹಾದುಬಂದದ್ದು.

ಅವರ ತಂಡ ಆನ್ ಪೋಸ್ಟ್–ಶಾನ್ ಕೆಲ್ಲಿ. ಆನ್ ಪೋಸ್ಟ್ ಐರ್ಲೆಂಡಿನ ಸರ್ಕಾರಿ ಅಂಚೆ ಸಂಸ್ಥೆ. ತಂಡದ ಹೆಸರಿನಲ್ಲಿರುವ ಶಾನ್ ಕೆಲ್ಲಿಯವರು 1982ರಿಂದ 88ರವರೆಗೆ ಸತತ ಏಳು ಬಾರಿ ಪ್ಯಾರಿಸ್–ನೀಸ್ ಸೈಕಲ್ ಸ್ಪರ್ಧೆ ಗೆದ್ದವರು. ತಂಡದ ನೋಂದಣಿ ಐರಿಷ್, ಪ್ರಾಯೋಜಕರ ಹಣ ಐರಿಷ್, ಬಿಡಾರ ಮಾತ್ರ ಬೆಲ್ಜಿಯಂನ ಮೆರ್ಖ್ಟೆಮ್‌ನಲ್ಲಿ. ಕಾರಣ ಸರಳ: ವಾರಕ್ಕೆ ಹಲವು ಸ್ಪರ್ಧೆಗಳು ಕೈಗೆಟುಕುವ ನೆಲ ಅದು. ತಂಡ 'ಕಾಂಟಿನೆಂಟಲ್' ದರ್ಜೆಯದು, ಎಂದರೆ ವೃತ್ತಿಪರ ಏಣಿಯ ಮೂರನೆಯ ಮೆಟ್ಟಿಲು. ಅಲ್ಲಿಂದ ಟೂರ್ ಡಿ ಫ್ರಾನ್ಸ್‌ಗೆ ನೇರ ದಾರಿಯಿಲ್ಲ.

ಹಾಗಾಗಿ ಆಗ ಎಂಟು ದಿನಗಳದಾಗಿದ್ದ ರಾಸ್ ಇಂಥ ಸವಾರರ ಪಾಲಿಗೆ ಮೇಲಿನ ಮೆಟ್ಟಿಲಿಗೆ ಅರ್ಜಿ ಸಲ್ಲಿಸುವ ಜಾಗವಾಗಿತ್ತು. 1953ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ಕೌಂಟಿ ತಂಡಗಳ ಹವ್ಯಾಸಿಗಳೂ ಹೊರದೇಶದ ವೃತ್ತಿಪರರೂ ಒಂದೇ ಗುಂಪಿನಲ್ಲಿ ಓಡುತ್ತಿದ್ದರು. ತಂಡಕ್ಕೆ ಐದೇ ಜನ. ದೊಡ್ಡ ತಂಡವಾದರೆ ಮುಂದೆ ನಿಂತು ಇಡೀ ಗುಂಪಿನ ವೇಗವನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುತ್ತದೆ, ಐವರಿಂದ ಅದಾಗದು. ಮೊದಲ ದಿನವೇ ಹತ್ತಾರು ಮಂದಿ ತಪ್ಪಿಸಿಕೊಂಡು ನಿಮಿಷಗಟ್ಟಲೆ ಮುಂದೆ ಹೋಗಬಹುದು. ಕಿರಿದಾದ ರಸ್ತೆ, ಅಡ್ಡಗಾಳಿ, ಮಳೆ ಇವೆಲ್ಲ ಸೇರಿದರೆ ಯಾರ ಲೆಕ್ಕಾಚಾರವೂ ನಿಲ್ಲದು. ಇಲ್ಲಿ ಗೆಲ್ಲಲು ತೊಡೆಯ ಬಲದಷ್ಟೇ, ತಪ್ಪಿಸಿಕೊಂಡ ಯಾವ ಗುಂಪಿನ ಬೆನ್ನು ಹತ್ತಬೇಕೆಂಬ ಅಂದಾಜೂ ಬೇಕು. 2013ರಲ್ಲಿ ಬಾಗ್ದೋನಾಸ್ ಮೊದಲ ಮೆಟ್ಟಿಲಾದ ವರ್ಲ್ಡ್ ಟೂರ್ ದರ್ಜೆಯ ಫ್ರೆಂಚ್ ತಂಡ ಎಜಿ2ಆರ್ ಸೇರಿ, ನಾಯಕರಿಗಾಗಿ ಗಾಳಿಗೆ ಎದೆಯೊಡ್ಡುವ ಕೆಲಸಕ್ಕೆ ಇಳಿದರು. ಮೂರನೆಯ ಮೆಟ್ಟಿಲಲ್ಲಿ ಗೆದ್ದವರಿಗೆ ಮೊದಲನೆಯದರಲ್ಲಿ ಸಾಮಾನ್ಯವಾಗಿ ಸಿಗುವುದು ಚಾಕರಿಯೇ.

ಲಿಥುವೇನಿಯನ್ನರಿಗೆ ಈ ಪರದೇಶದ ದಾರಿ ಅನಿವಾರ್ಯವಾದದ್ದು ಸೋವಿಯತ್ ವ್ಯವಸ್ಥೆ ಕುಸಿದ ಮೇಲೆ. ಗಿಂತೌತಾಸ್ ಉಮಾರಾಸ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದದ್ದು ಸೋವಿಯತ್ ಒಕ್ಕೂಟದ ಹೆಸರಲ್ಲಿ, ಸರ್ಕಾರ ಸಾಕಿದ ಆಟಗಾರನಾಗಿ. ಮುಂದಿನ ಪೀಳಿಗೆ ತಂಡವನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಸಣ್ಣ ತಂಡದ ಬದುಕು ಎಂಥದ್ದೆಂಬುದಕ್ಕೆ 2018ರ ಪ್ಯಾರಿಸ್–ರೂಬೆ ಸ್ಪರ್ಧೆಯನ್ನು ನೋಡಬೇಕು. ಫ್ರಾನ್ಸಿನ ಡೆಲ್ಕೊ ತಂಡದ ಲಿಥುವೇನಿಯನ್ ಸವಾರ ಎವಾಲ್ದಾಸ್ ಶಿಷ್ಕೆವಿಚಿಯಸ್ ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಟೈರ್ ಪಂಕ್ಚರ್ ಆದಾಗ ತಂಡದ ಕಾರೇ ಕೆಟ್ಟು ಟೋಯಿಂಗ್ ಲಾರಿಯ ಮೇಲಿತ್ತು. ಬದಲಿ ಚಕ್ರ ಸಿಕ್ಕಿದ್ದು ಆ ಲಾರಿಯ ಮೇಲಿನ ಕಾರಿನಿಂದ. ರೂಬೆ ಮುಟ್ಟುವಷ್ಟರಲ್ಲಿ ಓಟ ಮುಗಿಯುವ ವೆಲೊಡ್ರೋಮಿನ ಗೇಟು ಮುಚ್ಚಿತ್ತು. ಕೇಳಿಕೊಂಡು ತೆಗೆಸಿ ಓಟ ಮುಗಿಸಿದರು. ಸಮಯ ಮೀರಿದ್ದರಿಂದ ಫಲಿತಾಂಶದಲ್ಲಿ ಸ್ಥಾನ ಸಿಗಲಿಲ್ಲ. ಮರುವರ್ಷ ಅದೇ ಸ್ಪರ್ಧೆಯಲ್ಲಿ ಅವರದು ಒಂಬತ್ತನೆಯ ಸ್ಥಾನ.

ನಮ್ಮ ಕಡೆ ನೋಡಿದರೆ, ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟುಗಳಿಗೆ ಕ್ರೀಡಾ ಕೋಟಾದ ರೈಲ್ವೆ ನೌಕರಿಯೇ ಬಹುಪಾಲು ಗುರಿ. ಆ ಭದ್ರತೆಯನ್ನು ಹಗುರವಾಗಿ ಕಾಣುವಂತಿಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಕಾಂಟಿನೆಂಟಲ್ ತಂಡ ಸೇರಿದ ಬೆಂಗಳೂರಿನ ನವೀನ್ ಜಾನ್ ಹಿಡಿದದ್ದು ಬಾಗ್ದೋನಾಸ್‌ರಂಥವರ ದಾರಿ. ನಮ್ಮಲ್ಲಿ ಅದನ್ನು ತುಳಿದವರು ವಿರಳ.

ಐರ್ಲೆಂಡಿನಲ್ಲೂ ಆ ದಾರಿ ಉಳಿಯಲಿಲ್ಲ. 2017ರ ಬಳಿಕ ಆನ್ ಪೋಸ್ಟ್ ಹಿಂದೆ ಸರಿಯಿತು, ಕೆಲ್ಲಿಯವರ ತಂಡವೂ ಮುಚ್ಚಿತು. 2019ರಲ್ಲಿ ರಾಸ್ ನಡೆಯಲೇ ಇಲ್ಲ. 2022ರಲ್ಲಿ ಮರಳಿ ಬಂದಾಗ ಅದು ಐದು ದಿನಗಳ ಸ್ಪರ್ಧೆಯಾಗಿತ್ತು.