ವರ್ಚುವಲ್ ಕಲಿಕಾ ಪರಿಸರ: ಉನ್ನತ ಶಿಕ್ಷಣದಲ್ಲಿ ಅದರ ಭವಿಷ್ಯ

ಪಾಠ, ಪಠ್ಯಸಾಮಗ್ರಿ, ಚರ್ಚೆ, ಪರೀಕ್ಷೆ ಮತ್ತು ಅಂಕಗಳ ದಾಖಲೆಗಳನ್ನು ಅಂತರಜಾಲದ ಮೂಲಕ ಒಂದೆಡೆ ಒದಗಿಸಿ, ಶಿಕ್ಷಕರೂ ವಿದ್ಯಾರ್ಥಿಗಳೂ ಒಂದೇ ಕೊಠಡಿಯಲ್ಲಿ ಇಲ್ಲದಿದ್ದಾಗಲೂ ಬೋಧನೆ ಸಾಗುವಂತೆ ಮಾಡುವ ಗಣಕ ವ್ಯವಸ್ಥೆಗೆ ವರ್ಚುವಲ್ ಕಲಿಕಾ ಪರಿಸರ ಎಂದು ಹೆಸರು. ಕಾಲೇಜುಗಳ ದಿನಬಳಕೆಯಲ್ಲಿ ಇದನ್ನು ಎಲ್.ಎಂ.ಎಸ್., ಅಂದರೆ ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎನ್ನುತ್ತಾರೆ. ಪಾಠದ ವಿಡಿಯೊವನ್ನು ತೋರಿಸುವುದಷ್ಟೇ ಇದರ ಲಕ್ಷಣವಲ್ಲ. ವಿದ್ಯಾರ್ಥಿ ಏನನ್ನು ಓದಿದ, ಎಲ್ಲಿ ತಡವರಿಸಿದ, ಯಾವ ಪ್ರಶ್ನೆ ಕೇಳಿದ ಎಂಬುದು ಶಿಕ್ಷಕರಿಗೆ ತಿಳಿದು, ಅವರ ಉತ್ತರ ಮರಳಿ ವಿದ್ಯಾರ್ಥಿಯನ್ನು ತಲುಪುವ ಎರಡು ಬದಿಯ ಸಂಪರ್ಕವೇ ಇದರ ಜೀವಾಳ.

ಚರಿತ್ರೆ: ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ ಪ್ಲೇಟೊ ಎಂಬ ಗಣಕ ಬೋಧನಾ ವ್ಯವಸ್ಥೆ ಈ ಪರಂಪರೆಯ ಮೊದಲ ಮಾದರಿಗಳಲ್ಲೊಂದು. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಾಸ್ ರೂಪಿಸಿ 2002ರಲ್ಲಿ ಹೊರತಂದ ಮೂಡಲ್ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದಾದ್ದರಿಂದ ಸಣ್ಣ ಕಾಲೇಜುಗಳಿಗೂ ಈ ಸೌಕರ್ಯ ಎಟಕುವಂತಾಯಿತು. ಕರ್ನಾಟಕದಲ್ಲಿ ದೂರದಿಂದ ಕಲಿಸುವ ಪ್ರಯತ್ನ ಮೂಡಲ್‌ಗಿಂತ ಬಹಳ ಹಿಂದಿನದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಆ ವಿಭಾಗವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಸ್ರೋ ಸಂಸ್ಥೆ 2004ರ ಸೆಪ್ಟೆಂಬರ್ 20ರಂದು ಉಡಾಯಿಸಿದ ಎಡುಸ್ಯಾಟ್ ಉಪಗ್ರಹದ ಮೂಲಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿತು.

ರಾಷ್ಟ್ರೀಯ ವೇದಿಕೆಗಳು: ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಕಲಿಕಾ ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಗೊಂಡಿತು. ಇದರ ಪ್ರತಿ ಪಠ್ಯಕ್ರಮದಲ್ಲೂ ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನ ಮತ್ತು ಚರ್ಚಾ ವೇದಿಕೆ ಎಂಬ ನಾಲ್ಕು ಅಂಗಗಳಿರುತ್ತವೆ. ಅದೇ ದಿನ ಚಾಲನೆ ಪಡೆದ ಸ್ವಯಂಪ್ರಭಾ 32 ಡಿ.ಟಿ.ಎಚ್. ವಾಹಿನಿಗಳ ಮೂಲಕ ಪಾಠವನ್ನು ಮನೆಯ ಟಿ.ವಿ.ಗೆ ತಂದಿತು. ದಿನಕ್ಕೆ ಕನಿಷ್ಠ ನಾಲ್ಕು ಗಂಟೆಯ ಹೊಸ ಪಾಠವನ್ನು ಮತ್ತೆ ಮತ್ತೆ ಪ್ರಸಾರ ಮಾಡುವ ಕ್ರಮವಿದ್ದುದರಿಂದ, ಹಗಲು ಕೆಲಸಕ್ಕೆ ಹೋಗುವವರೂ ತಮಗೆ ಒಪ್ಪುವ ಹೊತ್ತಿನಲ್ಲಿ ಅದನ್ನು ನೋಡಲು ಸಾಧ್ಯವಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರ ನಿಯಮದಲ್ಲಿ, ಒಂದು ಸೆಮಿಸ್ಟರಿನ ಪಠ್ಯಕ್ರಮಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಕಲಿತು ಅದರ ಕ್ರೆಡಿಟ್‌ಗಳನ್ನು ಪದವಿಗೆ ಸೇರಿಸಿಕೊಳ್ಳಲು ಅವಕಾಶ ನೀಡಿತು. ಕ್ರೆಡಿಟ್ ಎಂದರೆ ಕಲಿಕೆಯ ಗಂಟೆಗಳನ್ನು ಅಳೆದು ವಿದ್ಯಾರ್ಥಿಯ ಖಾತೆಗೆ ಜಮಾ ಮಾಡುವ ಮಾನ.

ಕೋವಿಡ್ ಕಾಲ: 2020ರ ಮಾರ್ಚ್‌ನಲ್ಲಿ ರಾಜ್ಯದ ಕಾಲೇಜುಗಳು ಮುಚ್ಚಿ, ಅದೇ ವರ್ಷ ನವೆಂಬರ್ 17ರಂದು ಪದವಿ ತರಗತಿಗಳು ಮತ್ತೆ ತೆರೆಯುವವರೆಗೆ ಆನ್‌ಲೈನ್ ಪಾಠವೇ ಗತಿಯಾಗಿತ್ತು. ಈ ಅನುಭವದ ಬೆನ್ನಿಗೇ 2021ರಲ್ಲಿ ರಾಜ್ಯ ಸರ್ಕಾರ 430 ಪ್ರಥಮ ದರ್ಜೆ ಕಾಲೇಜುಗಳು, 87 ಪಾಲಿಟೆಕ್ನಿಕ್‌ಗಳು ಮತ್ತು 14 ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಎಲ್.ಎಂ.ಎಸ್. ಯೋಜನೆಯನ್ನು ಜಾರಿಗೆ ತಂದು, ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನೂ ವಿತರಿಸಿತು. ಆದರೆ ಈ ಯೋಜನೆ ಸರ್ಕಾರಿ ಕಾಲೇಜುಗಳನ್ನು ಉದ್ದೇಶಿಸಿದ್ದಾಗಿದ್ದು, ಸಣ್ಣ ಪಟ್ಟಣಗಳ ಉನ್ನತ ಶಿಕ್ಷಣದ ದೊಡ್ಡ ಹೊರೆ ಹೊತ್ತಿರುವ ಅನುದಾನಿತ ಖಾಸಗಿ ಕಾಲೇಜುಗಳು ತಮ್ಮ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕಾಯಿತು.

ಮಹಾಲಿಂಗಪುರ ಪರಿಸರ: ಇಂಥ ಸಣ್ಣ ಪಟ್ಟಣಗಳಿಗೆ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಒಂದು ಉದಾಹರಣೆ; ಅದು ಬೆಲ್ಲದ ಪೇಟೆಗೂ ನೇಕಾರಿಕೆಗೂ ಹೆಸರಾದ ಪಟ್ಟಣ. 1916ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯ ಎಸ್.ಸಿ.ಪಿ. ಕಲಾ, ವಿಜ್ಞಾನ ಮತ್ತು ಡಿ.ಡಿ. ಶಿರೋಳ ವಾಣಿಜ್ಯ ಮಹಾವಿದ್ಯಾಲಯ ಇಲ್ಲಿದೆ. ಈ ಭಾಗದ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ ಸೇರಿದ್ದವು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಉದ್ಘಾಟನೆಗೊಂಡ ಮೇಲೆ ವಿಶ್ವವಿದ್ಯಾಲಯವೇ ಮನೆಬಾಗಿಲಿಗೆ ಬಂದಂತಾಯಿತು. ಆದರೂ ಕಬ್ಬಿನ ಹಂಗಾಮಿನಲ್ಲಿ ಹೊಲದ ಕೆಲಸ, ನೆರೆಯ ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಮಗ್ಗದ ಕೆಲಸ ಓದುವ ಮಕ್ಕಳ ಕೈಯನ್ನೂ ಕೇಳುತ್ತವೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆಯ ಮಹಾಪೂರ ಜಮಖಂಡಿ, ಮುಧೋಳ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿದಾಗ ದಾರಿಗಳೇ ಕಡಿದುಹೋಗಿದ್ದವು. ತಪ್ಪಿದ ಪಾಠವನ್ನು ಮತ್ತೊಮ್ಮೆ ಕೇಳುವ ಸೌಲಭ್ಯ ಇಂಥ ಕಡೆ ವಿದ್ಯಾರ್ಥಿ ಪದವಿ ಮುಗಿಸುತ್ತಾನೋ ನಡುವೆಯೇ ಬಿಡುತ್ತಾನೋ ಎಂಬುದನ್ನೇ ನಿರ್ಧರಿಸಬಲ್ಲದು.

ವರ್ಚುವಲ್ ಪ್ರಯೋಗಾಲಯ: ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ ಮಾಹಿತಿ ತಂತ್ರಜ್ಞಾನ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದ ಅಡಿಯಲ್ಲಿ ರೂಪುಗೊಂಡ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯೂ ಪಾಲುಗೊಂಡಿದೆ. ಇಂಥ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ತೆರೆಯ ಮೇಲಿನ ಬ್ಯುರೆಟ್‌ನಿಂದ ಹನಿಹನಿಯಾಗಿ ಕ್ಷಾರವನ್ನು ಬಿಟ್ಟು, ಆಮ್ಲ ತಿಳಿಗುಲಾಬಿ ಬಣ್ಣಕ್ಕೆ ತಿರುಗುವ ಗಳಿಗೆಯನ್ನು ಗುರುತಿಸುತ್ತಾನೆ. ತಪ್ಪಿದರೆ ರಾಸಾಯನಿಕದ ಖರ್ಚಿಲ್ಲದೆ ಹತ್ತು ಸಲ ಮತ್ತೆ ಮಾಡುತ್ತಾನೆ. ಆದರೆ ನಿಜವಾದ ಬ್ಯುರೆಟ್‌ನ ತಿರುಪು ಸಡಿಲವಾಗಿದ್ದಾಗ ಕೈ ಕಲಿಯುವ ಎಚ್ಚರಿಕೆಯನ್ನು ತೆರೆ ಕಲಿಸಲಾರದು. ಪ್ರಯೋಗದ ಮುನ್ನ ತಯಾರಿಗೆ ತೆರೆ, ಪ್ರಯೋಗಕ್ಕೆ ನಿಜವಾದ ಮೇಜು ಎಂಬ ಹಂಚಿಕೆಯೇ ಸರಿಯಾದದ್ದು. ಹೀಗೆ ಎರಡನ್ನೂ ಬೆಸೆಯುವ ಕ್ರಮಕ್ಕೆ ಮಿಶ್ರ ಕಲಿಕೆ ಎಂದು ಹೆಸರು.

ಭಾಷೆ ಮತ್ತು ಭವಿಷ್ಯ: ಮುಂದಿನ ದಿನಗಳಲ್ಲಿ ಈ ವ್ಯವಸ್ಥೆಯ ಬೆಳವಣಿಗೆಯನ್ನು ಯಂತ್ರಗಳಿಗಿಂತ ಹೆಚ್ಚಾಗಿ ಭಾಷೆಯೇ ನಿರ್ಧರಿಸುವಂತಿದೆ. ಉನ್ನತ ಶಿಕ್ಷಣದ ವಿಡಿಯೊ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ ವಿಷಯಕ್ಕಿಂತ ಮೊದಲು ಭಾಷೆಯೇ ಅಡ್ಡಗೋಡೆಯಾಗುತ್ತದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎ.ಐ.ಸಿ.ಟಿ.ಇ.) ಅನುವಾದಿನಿ ಮುಂತಾದ ಯಂತ್ರಾನುವಾದ ಸಾಧನಗಳು ಈ ಗೋಡೆಯನ್ನು ತಗ್ಗಿಸಬಲ್ಲವಾದರೂ, ಅನುವಾದವನ್ನು ವಿಷಯ ಬಲ್ಲ ಕನ್ನಡ ಅಧ್ಯಾಪಕರು ತಿದ್ದದೆ ತರಗತಿಗೆ ತರುವುದು ತಕ್ಕುದಲ್ಲ. ಅದಕ್ಕಿಂತ ಮೇಲಾದುದು ಇಲ್ಲಿಯದೇ ಪಾಠವನ್ನು ಕಟ್ಟುವುದು. ಕಬ್ಬಿನ ಹಾಲಿಗೆ ಸುಣ್ಣದ ನೀರು ಬೆರೆಸಿದಾಗ ಆಮ್ಲೀಯತೆ ತಗ್ಗುವುದು, ಕೊಪ್ಪರಿಗೆಯಲ್ಲಿ ರಸ ಕುದಿದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಪಾಕ ಹದಕ್ಕೆ ಬರುವುದು, ಆರಿದ ಮೇಲೆ ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗುವುದು, ಇವೆಲ್ಲ ರಸಾಯನಶಾಸ್ತ್ರದ ಪೂರ್ಣ ಅಧ್ಯಾಯಗಳೇ. ಮಹಾಲಿಂಗಪುರದ ಅಧ್ಯಾಪಕರು ಇವನ್ನು ಚಿತ್ರೀಕರಿಸಿ ವಿವರಿಸಿದರೆ ಅದು ಮಂಡ್ಯದ ವಿದ್ಯಾರ್ಥಿಗೂ ಉಪಯೋಗಕ್ಕೆ ಬರುವ ಪಾಠವಾಗುತ್ತದೆ.

ವರ್ಚುವಲ್ ಕಲಿಕಾ ಪರಿಸರ ಊರಿನ ಕಾಲೇಜಿಗೆ ಬದಲಿಯಾಗಲಾರದು, ಆಗಲೂಬಾರದು. ಗ್ರಂಥಾಲಯದಲ್ಲಿ ನೆಚ್ಚಬಹುದಾದ ವೈ-ಫೈ, ಮೊಬೈಲಿಗೆ ಇಳಿಸಿಕೊಂಡು ಸಿಗ್ನಲ್ ಇಲ್ಲದಲ್ಲೂ ನೋಡಬಹುದಾದ ಪಾಠ, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸುವ ಅಧ್ಯಾಪಕ, ಈ ಮೂರನ್ನು ಸರ್ಕಾರ, ವಿಶ್ವವಿದ್ಯಾಲಯ ಮತ್ತು ಶಿಕ್ಷಣ ಸಂಸ್ಥೆಗಳು ಕೂಡಿ ಒದಗಿಸಿದಾಗ ಮಾತ್ರ ಅದು ಸಣ್ಣ ಪಟ್ಟಣದ ವಿದ್ಯಾರ್ಥಿಗೆ ಊರು ಬಿಡದೆ ಉನ್ನತ ಶಿಕ್ಷಣ ಪಡೆಯುವ ದಾರಿಯಾಗುತ್ತದೆ.